ಹಿಮದ ಕಲ್ಲು, ಅಪ್ಪನ ಕಣ್ಣು

ಮೂಡಲಗಿಯ ಪೇಟೆಯಲ್ಲಿ, ಎದುರಿನ ಹೋಟೆಲಿನಿಂದ ರಸ್ತೆ ದಾಟಿ ಅಪ್ಪನ ಅಂಗಡಿಗೆ ಒಂದು ಕಪ್ ಚಹಾ ಹೋಯಿತೆಂದರೆ, ಯಾರೋ ತಂದ ಬಂಗಾರ ಹಿತ್ತಾಳೆ ಎಂದು ಅರ್ಥ. ಆಚೀಚೆಯ ಅಂಗಡಿಯವರಿಗೆಲ್ಲ ಇದು ಗೊತ್ತಿತ್ತು. ಅಪ್ಪ ಪತ್ತಾರರು, ಬಂಗಾರ ಬೆಳ್ಳಿಯ ಕೆಲಸದವರು. ಒಡವೆಯನ್ನು ಒರೆಗಲ್ಲಿನ ಮೇಲೆ ಒಮ್ಮೆ ಎಳೆದು, ಆ ಗೆರೆಯನ್ನು ಬಿಸಿಲಿಗೆ ಹಿಡಿದು ನೋಡಿ, "ಬಂಗಾರ" ಇಲ್ಲವೆ "ಹಿತ್ತಾಳಿ" ಎಂದು ಒಂದೇ ಮಾತು ಹೇಳುತ್ತಿದ್ದರು. ಬಂಗಾರ ತಂದವರಿಗೆ ಚಹಾ ಇಲ್ಲ. ಅವರು ಖುಷಿಯಾಗಿ ಮನೆಗೆ ಹೋಗುತ್ತಾರೆ, ಅವರಿಗೇಕೆ ಚಹಾ? ಹಿತ್ತಾಳೆ ತಂದವರಿಗೆ ಮಾತ್ರ ಹೋಟೆಲಿನ ಕಡೆ ಒಂದು ಬೆರಳು ಎತ್ತಿ ತೋರಿಸುತ್ತಿದ್ದರು. ಅಂಥ ಮಾತು ಕೇಳಿದವರು ಒಣ ಬಾಯಲ್ಲಿ ಮನೆಗೆ ನಡೆಯಬಾರದು ಎಂಬುದು ಅವರು ಹಾಕಿಕೊಂಡ ಕಟ್ಟುಪಾಡು. ಅದನ್ನು ಅವರು ಕರುಣೆ ಎಂದೇ ತಿಳಿದಿದ್ದರು.

ಕುಡಿಯುವವರಿಗೆ ಹಾಗೆ ಅನ್ನಿಸುತ್ತಿರಲಿಲ್ಲ. ಘೋಡಗೇರಿಯಿಂದ ಬಂದ ಒಬ್ಬ ಹೆಣ್ಣುಮಗಳ ನೆನಪು ನನಗೆ ಇನ್ನೂ ಇದೆ. ಮದುವೆಯಲ್ಲಿ ಅತ್ತೆಯ ಮನೆಯವರು ಹಾಕಿದ ಬಿಲ್ವಾರ, ಅಂದರೆ ಕೈಬಳೆ, ತಂದಿದ್ದಳು. ಅಪ್ಪ ಗೆರೆ ಎಳೆದರು, ನೋಡಿದರು, "ಹಿತ್ತಾಳಿ" ಅಂದರು, ಬೆರಳು ಎತ್ತಿದರು. ಅವಳು ಎದ್ದು ಓಡಿಬಿಡಬೇಕೆಂದು ಸೆರಗು ಸುತ್ತಿಕೊಂಡಳು. "ಕೂಡು ತಾಯಿ. ಚಾ ಬರಾಕತ್ತೈತಿ. ಪೂರ್ತಿ ಕುಡದ ಹೋಗಬೇಕು" ಎಂದರು ಅಪ್ಪ. ಅವಳು ಕೂತಳು. ಎದುರಿನ ಕಿರಾಣಿ ಅಂಗಡಿಯವನು, ಬಾಜೂ ಬಟ್ಟೆ ಅಂಗಡಿಯವನು, ಎಲ್ಲರೂ ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಚಹಾ ಸುರಿದುಕೊಂಡ ಬಸಿಯನ್ನು, ಕಪ್ಪಿನ ಕೆಳಗಿನ ತಟ್ಟೆಯನ್ನು, ಎತ್ತುವಾಗ ಅವಳ ಕೈ ನಡುಗಿ ಚಹಾ ಸೀರೆಯ ಮೇಲೆ ಚೆಲ್ಲಿತು. ಸಾಲೆ ಬಿಟ್ಟು ಅಂಗಡಿಗೆ ಬಂದು ಕೂತಿದ್ದ ನಾನು ಕಿಸಕ್ಕನೆ ನಕ್ಕೆ. ಅಪ್ಪ ನನ್ನನ್ನು ಗದರಲಿಲ್ಲ. ನನ್ನ ಈ ಕೆಟ್ಟ ಬಾಯಿ, ಕೆಟ್ಟ ನಗೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ನಾನು ಆ ಅಂಗಡಿಯನ್ನೇ ತೋರಿಸುತ್ತೇನೆ.

ಅಪ್ಪನಿಗೆ ತಮ್ಮ ಕಣ್ಣಿನ ಮೇಲೆ ಇದ್ದ ಸೊಕ್ಕು ಅಂತಿಂಥದ್ದಲ್ಲ. ಗೋಕಾಕದಲ್ಲಿ ದೊಡ್ಡ ದೊಡ್ಡ ಅಂಗಡಿಗಳು ಬಂದವು. ಅಲ್ಲಿ ಒಡವೆ ಇಟ್ಟರೆ ಪರದೆಯ ಮೇಲೆ ಬಂಗಾರ ಎಷ್ಟು, ತಾಮ್ರ ಎಷ್ಟು ಎಂದು ತೋರಿಸುವ ಮಷೀನು ಬಂತು. ಜನ ಅಲ್ಲಿಗೆ ಹೋಗತೊಡಗಿದರು. ಆದರೂ ಹಳೆಯ ಗಿರಾಕಿಗಳು, ಅದರಲ್ಲೂ ಹಳ್ಳಿಯ ಹೆಂಗಸರು, ಮಷೀನು ಹೇಳಿದ ಮೇಲೂ ಮೂಡಲಗಿಗೆ ಬಂದು ಅಪ್ಪನ ಮುಂದೆ ಗಂಟು ಬಿಚ್ಚುತ್ತಿದ್ದರು. ಲಿಂಗದ ಬೆಳ್ಳಿಯ ಕರಡಿಗೆ ಸವೆದರೆ ಅದನ್ನು ಬೇರೆಯವರ ಕೈಗೆ ಕೊಡುತ್ತಲೇ ಇರಲಿಲ್ಲ. ಅಪ್ಪನ ಎರಡೂ ಕಣ್ಣಿಗೆ ಪೊರೆ ತೆಗೆಯುವ ಆಪರೇಷನ್ ಆದಾಗ ಪೇಟೆಯಲ್ಲಿ ಗುಸುಗುಸು ಶುರುವಾಯಿತು. ಅದು ಕಿವಿಗೆ ಬಿದ್ದ ದಿನ ಅಪ್ಪ ಊಟದ ತಟ್ಟೆಯ ಮುಂದೆ ಹೇಳಿದರು: "ಯಾವತ್ತ ನನ್ನ ಕಣ್ಣು ಒಂದ ಸಲ ತಪ್ಪತೈತಿ, ಅವತ್ತ ಅಂಗಡಿ ಕದ ಹಾಕತೇನಿ. ಎರಡನೇ ಸಲದ ತನಕ ಕಾಯೂದಿಲ್ಲ." ಅವ್ವ "ಸುಮ್ನ ಉಣ್ರಿ" ಅಂದಳು. ನಾನು ಅಲ್ಲೇ ಇದ್ದೆ, ಈ ಮಾತನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಮುಂದೆ ನಾನು ಮಾಡಿದ್ದನ್ನು ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳಲು ನನಗೆ ದಾರಿಯಿಲ್ಲ.

ನಾನು ಗೋಕಾಕದ ಒಂದು ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತೇನೆ. ಕೆಲವು ವರ್ಷಗಳ ಹಿಂದೆ, ಅಂಟಾರ್ಕ್ಟಿಕಾದ ನೀಲಿ ಹಿಮದ ಮೇಲೆ ಸಿಕ್ಕ ಒಂದು ಉಲ್ಕಾಶಿಲೆಯ ತುಂಡನ್ನು ವರ್ಗೀಕರಣಕ್ಕೆಂದು ನನಗೆ ಎರವಲು ಕೊಟ್ಟರು. ಅಂಗೈಗಿಂತ ಚಿಕ್ಕದು, ಗ್ಲೂಕೋಸ್ ಬಿಸ್ಕಿಟಿನಷ್ಟು ದಪ್ಪ, ಮೈತುಂಬ ತುಕ್ಕು. ಕಲ್ಲು ಮತ್ತು ಕಬ್ಬಿಣ ಎರಡೂ ಅದರಲ್ಲಿ ಸುಮಾರಾಗಿ ಸಮಸಮ. ಇಂಥವು ಆಕಾಶದಿಂದ ಬೀಳುವುದೇ ಅಪರೂಪ, ಅವುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದರಲ್ಲಿ ಕಬ್ಬಿಣದೊಳಗೆ ಹಳದಿ-ಹಸಿರು ಹರಳುಗಳು ಉಂಗುರದಲ್ಲಿ ಕೂರಿಸಿದಂತೆ ಕೂತಿರುತ್ತವೆ. ಅದು ಪ್ಯಾಲಸೈಟ್. ಬೆಳಕಿಗೆ ಹಿಡಿದರೆ ನೋಡಿದವರ ಬಾಯಿ ತೆರೆದೇ ಇರುತ್ತದೆ. ಇನ್ನೊಂದರಲ್ಲಿ ಒಡೆದ ಕಲ್ಲಿನ ಚೂರು, ಕಲ್ಲಿನ ಪುಡಿ, ಕಬ್ಬಿಣದ ತುಣುಕು ಎಲ್ಲವೂ ಅವಲಕ್ಕಿ ಚೂಡಾದಂತೆ ಕಲಸಿಹೋಗಿರುತ್ತವೆ. ಅದು ಮೆಸೋಸಿಡರೈಟ್. ವಿಜ್ಞಾನಕ್ಕೆ ಎರಡೂ ಒಂದೇ, ಫೋಟೋಕ್ಕೆ ಮಾತ್ರ ಮೊದಲಿನದೇ ಬೇಕು.

ನನ್ನ ತುಂಡಿನಲ್ಲಿ ತುಕ್ಕಿನ ನಡುವೆ ಮೂರು ದಪ್ಪ ಹಳದಿ-ಹಸಿರು ಹರಳು ಕಂಡವು. ಕಂಡದ್ದೇ ತಡ, ನಾನು ಪ್ಯಾಲಸೈಟ್ ಎಂದುಬಿಟ್ಟೆ. ಸ್ಟಾಫ್ ರೂಮಿನಲ್ಲಿ ಅಂದೆ, ಪ್ರಾಚಾರ್ಯರ ಮುಂದೆ ಅಂದೆ, ಕಲ್ಲನ್ನು ಕಳಿಸಿಕೊಟ್ಟ ಸಂಗ್ರಹದ ಅಧಿಕಾರಿಗೂ ಫೋನಿನಲ್ಲಿ ಅಂದೆ. ಆ ಅಧಿಕಾರಿ ಬೆಂಗಳೂರು ಕಡೆಯವರು, ಸಾವಧಾನದ ಮನುಷ್ಯ. "ತೆಳು ಪದರ ಬರಲಿ ಮೇಡಂ, ನೋಡೋಣ" ಅಂದರು. ಕಲ್ಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿ ಗಾಜಿಗೆ ಅಂಟಿಸಿದ ಪದರವನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟಾಗಲೇ ಯಾವ ಖನಿಜ ಎಷ್ಟಿದೆ ಎಂದು ಖಚಿತವಾಗುವುದು. ಅದೇ ಕಲ್ಲಿನ ಇನ್ನೊಂದು ತುಂಡಿನಿಂದ ಅದನ್ನು ಮಾಡಿ ಕಳಿಸಲು ಅವರಿಗೆ ಒಂದು ತಿಂಗಳು ಬೇಕಿತ್ತು. ನಮ್ಮ ಪ್ರಾಚಾರ್ಯರಿಗೆ ಒಂದು ದಿನವೂ ಬೇಕಾಗಲಿಲ್ಲ. "ಧ್ರುವಪ್ರದೇಶದ ಪ್ಯಾಲಸೈಟ್ ನಮ್ಮ ಕಾಲೇಜಿನಲ್ಲಿ" ಎಂದು ನನ್ನ ಫೋಟೋ ಸಮೇತ ಗೇಟಿಗೆ ಬ್ಯಾನರ್ ಕಟ್ಟಿಸಿದರು. ನಾನು ಬೇಡ ಅನ್ನಲಿಲ್ಲ. ದಿನಾ ಅದರ ಕೆಳಗೇ ಹಾಯ್ದು ಒಳಗೆ ಹೋಗುತ್ತಿದ್ದೆ, ಎದೆ ಉಬ್ಬುತ್ತಿತ್ತು.

ಕಬ್ಬಿಣ ಎಷ್ಟು, ಕಲ್ಲು ಎಷ್ಟು ಎಂದು ಅಳೆಯಲು ತುಂಡಿನ ಒಂದು ಮುಖ ಕನ್ನಡಿಯಂತೆ ನುಣುಪಾಗಬೇಕಿತ್ತು. ಕಾಲೇಜಿನ ಪಾಲಿಶ್ ಮಷೀನು ಕೆಟ್ಟು ಎಷ್ಟೋ ಕಾಲವಾಗಿತ್ತು. ಎರವಲು ತಂದ ಕಲ್ಲು ಪ್ರಯೋಗಾಲಯದ ಹೊರಗೆ ಹೋಗಕೂಡದು ಎಂದು ನಾನೇ ಸಹಿ ಮಾಡಿದ ಕಾಗದದಲ್ಲಿ ಬರೆದಿತ್ತು. ನಾನು ಅದನ್ನು ಅರಿವೆಯಲ್ಲಿ ಸುತ್ತಿ ಊಟದ ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು ಮೂಡಲಗಿ ಬಸ್ಸು ಹತ್ತಿದೆ. ಅರಭಾವಿಯಲ್ಲಿ ತೋಟಗಾರಿಕೆ ಓದುವವರೆಲ್ಲ ಹತ್ತಿ ಬಸ್ಸು ಕಿಕ್ಕಿರಿದು ತುಂಬಿತು. ಡಬ್ಬಿಯನ್ನು ಕೂಸಿನಂತೆ ಹೊಟ್ಟೆಗೆ ಒತ್ತಿಕೊಂಡು ನಿಂತೇ ಹೋದೆ.

ಅಪ್ಪನ ಮುಂದೆ ಇಟ್ಟು ಹೇಳಿದೆ: "ಇದರ ಒಂದು ಮಾರಿ ನುಣ್ಣಗ ಮಾಡಿಕೊಡ್ರಿ. ನೀರು ತಾಕಸಬ್ಯಾಡ್ರಿ, ತುಕ್ಕು ಹಿಡಿತೈತಿ. ಬರೇ ಸ್ಪಿರಿಟ್."

ಅಪ್ಪನ ಮುಖ ಅರಳಿತು. ಎಷ್ಟು ವರ್ಷಗಳ ನಂತರ ಮಗಳು ಅವರ ಕೈಕೆಲಸ ಕೇಳಿಕೊಂಡು ಬಂದಿದ್ದಳೋ. ಎರಡು ದಿನ ಅಂಗಡಿಯ ಬೇರೆ ಕೆಲಸವನ್ನೆಲ್ಲ ಬಾಜೂ ಸರಿಸಿ ಉಜ್ಜಿದರು. ಮೊದಲು ಒರಟು ಕಾಗದ, ಆಮೇಲೆ ನಯ ಕಾಗದ, ಕೊನೆಗೆ ಚರ್ಮ. ಉದುರಿದ ಪುಡಿಯನ್ನೂ ಬಂಗಾರದ ಪುಡಿಯಂತೆ ಕಾಗದದಲ್ಲಿ ಕೂಡಿಸಿ ಇಟ್ಟರು, ಪತ್ತಾರರು ನೆಲಕ್ಕೆ ಬಿದ್ದದ್ದನ್ನೂ ಬಿಡುವವರಲ್ಲ. ಎರಡನೆಯ ದಿನ ನಾನು ಹೋದಾಗ ತುಂಡನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಬೆಳ್ಳಿಯಂಥ ಕಬ್ಬಿಣ, ನಡುವೆ ಕಪ್ಪು-ಬೂದು ಕಲ್ಲು, ಮೂರು ಹಳದಿ ಹರಳು.

"ತಂಗಿ, ನೀ ಏನೋ ಅಂತಿದ್ದೆಲ್ಲ, ಹರಳು ಕಬ್ಬಿಣದಾಗ ಕುಂತಿರತಾವ ಅಂತ?" ಅಪ್ಪ ಮಗಳಾದ ನನ್ನನ್ನು ಕರೆಯುವುದು ಹಾಗೆಯೇ, ತಂಗಿ ಎಂದು.

"ಹೌದ್ರಿ. ಪ್ಯಾಲಸೈಟ್."

"ಇದು ಕುಂತದ್ದಲ್ಲ" ಎಂದರು ಅಪ್ಪ. "ನಾನು ಜೀವಮಾನ ಪೂರ್ತಿ ಹರಳು ಕೂಡಿಸಿದಾಂವ. ಕುಂತ ಹರಳಿನ ಅಂಚು ಬ್ಯಾರೆ ಇರತೈತಿ. ಇದರ ಅಂಚು ನೋಡು, ಒಡದದ್ದು. ಕಬ್ಬಿಣಾನೂ ಸುತ್ತ ಹರದಿಲ್ಲ, ಉಂಡಿ ಉಂಡಿ ಬಿದ್ದೈತಿ. ಇದನ್ನ ಯಾರೋ ಜಜ್ಜಿ ಕಲಿಸ್ಯಾರ."

ಈಗ ಬರೆಯುವಾಗ ಕೈ ನಿಲ್ಲುತ್ತದೆ. ಒಂದು ಪುಸ್ತಕವನ್ನೂ ಓದದೆ, ಬರಿಗಣ್ಣಿನಲ್ಲಿ, ಅವರು ನನಗೆ ಮೆಸೋಸಿಡರೈಟಿನ ಲಕ್ಷಣ ಹೇಳುತ್ತಿದ್ದರು. ಅಂಗಡಿಯಲ್ಲಿ ಆಗ ಮೂವರು ಗಿರಾಕಿಗಳಿದ್ದರು, ಬಟ್ಟೆ ಅಂಗಡಿಯವನೂ ಬಂದು ನಿಂತಿದ್ದ. ಎಲ್ಲರೂ ನನ್ನ ಮುಖ ನೋಡಿದರು. ನನಗೆ ಮೈ ಉರಿಯಿತು.

"ಅಪ್ಪಾ, ಇದು ಮೂಗಬಟ್ಟಲ್ಲ. ನಾ ಇದರಾಗ ಡಾಕ್ಟರೇಟ್ ಮಾಡೇನಿ. ನಿಮಗ ಕಣ್ಣಿನ ಆಪರೇಷನ್ ಆಗೇತಿ, ನೆನಪೈತಿಲ್ಲ? ಹೇಳಿದಷ್ಟು ತಿಕ್ಕರಿ, ಸಾಕು."

ಅಪ್ಪ ತುಂಡನ್ನು ಮತ್ತೆ ಚರ್ಮದ ಮೇಲೆ ಇಟ್ಟರು. ಇನ್ನೂ ಸ್ವಲ್ಪ ನುಣುಪು ಬರಬೇಕು, ನಾಳೆ ಬಾ ಎಂದರು. ನನಗೆ ಮರುದಿನ ಬೆಳಿಗ್ಗೆ ಪಾಠ ಇತ್ತು. ಕಲ್ಲನ್ನು ಅವರ ಬಳಿಯೇ ಬಿಟ್ಟು ಗೋಕಾಕಕ್ಕೆ ಹೋದೆ.

ಪತ್ತಾರರು ಗೊತ್ತಿಲ್ಲದ ಯಾವ ಲೋಹವನ್ನೂ ಬೆಂಕಿಗೆ ಹಿಡಿಯದೆ ನಂಬುವುದಿಲ್ಲ. ಒರೆಗಲ್ಲಿಗೂ ಅನುಮಾನ ಉಳಿದರೆ ಕೊನೆಯ ಮಾತು ಬೆಂಕಿಯದು. ಬೆಸುಗೆ ಖರೆಯಿದ್ದರೆ ನಿಲ್ಲುತ್ತದೆ, ಸುಳ್ಳಿದ್ದರೆ ಬಿಡುತ್ತದೆ. ಅಪ್ಪ ನನ್ನ ಮಾತನ್ನು ರಾತ್ರಿಯೆಲ್ಲ ಮೆಲುಕು ಹಾಕಿದರಂತೆ, ಅವ್ವ ಆಮೇಲೆ ಹೇಳಿದಳು. ಬೆಳಿಗ್ಗೆ ಅಂಗಡಿ ತೆಗೆದವರೇ, ತಮ್ಮ ಕಣ್ಣು ತಪ್ಪಿದೆಯೋ ಇಲ್ಲವೋ ಎಂದು ತಾವೇ ತಿಳಿದುಕೊಳ್ಳಲು, ತುಂಡಿನ ಒಂದು ಮೂಲೆಯನ್ನು ಚಿಮಟಿಗೆಯಲ್ಲಿ ಹಿಡಿದು ಊದುಗೊಳವೆಯ ಉರಿಗೆ ಒಡ್ಡಿದರು. ಮಧ್ಯಾಹ್ನ ನಾನು ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಅವರೇ ಎದ್ದು ಬಂದರು. ಅಷ್ಟು ಸಂತೋಷದ ಮುಖ ನಾನು ಅವರಲ್ಲಿ ಕಂಡದ್ದು ಕಡಿಮೆ.

"ನೋಡು, ನೋಡು! ಉದುರಿತು! ನಾ ಅಂದಿದ್ದಿಲ್ಲೇನು? ಕೂಡಿ ಬೆಳದದ್ದಾಗಿದ್ರ ಹಿಡದ ನಿಲ್ಲತಿತ್ತು. ಕಲಿಸಿದ್ದು, ಅದಕ್ಕ ಉದುರಿತು."

ಅಂಗೈಯಲ್ಲಿ ಕಲ್ಲಿನ ಕರಿ ಚೂರುಗಳು. ಇನ್ನೊಂದು ಕೈಯಲ್ಲಿ ತುಂಡು. ಒಂದು ಮೂಲೆ ಮುರಿದಿತ್ತು, ಆ ಕಡೆಯ ಕಬ್ಬಿಣ ನೀಲಿ ತಿರುಗಿ, ಅಂಚಿನಲ್ಲಿ ಕಪ್ಪಾಗಿತ್ತು. ಕಾಯಿಸಿದ ಕಬ್ಬಿಣದಲ್ಲಿ ಅದರ ಹಳೆಯ ಕಥೆ ಅಳಿಸಿಹೋಗುತ್ತದೆ. ಎಷ್ಟೋ ಕೋಟಿ ವರ್ಷ ತಣ್ಣಗೆ ಇದ್ದದ್ದನ್ನು ನನ್ನಪ್ಪ ಮೂಡಲಗಿಯ ಪೇಟೆಯಲ್ಲಿ ಬೀಡಿ ಹಚ್ಚುವಷ್ಟು ಹೊತ್ತಿನಲ್ಲಿ ಕೆಡಿಸಿ ಕೂತಿದ್ದರು. ಬೆಂಕಿ ಪರೀಕ್ಷೆಯೂ ಅಸಲಿಗೆ ಏನನ್ನೂ ಸಾಬೀತು ಮಾಡುವಂಥದಲ್ಲ, ಪ್ಯಾಲಸೈಟ್ ಆಗಿದ್ದರೂ ಒಡೆಯುತ್ತಿತ್ತು.

ನಾನು ಅಪ್ಪನನ್ನು ಹುಟ್ಟಿದಂದಿನಿಂದ ನೀವು, ಬರ್ರಿ, ಹೋಗ್ರಿ ಎಂದೇ ಕರೆದವಳು. ಅವತ್ತು ಅದು ಬಾಯಿಂದ ಬರಲಿಲ್ಲ.

"ಏನ್ ಮಾಡಿದಿ ನೀ? ತಲಿ ಐತಿಲ್ಲ ನಿನಗ? ಯಾರದಿದು, ನಿನ್ನಪ್ಪನ ಮನಿದೇನು? ಕಣ್ಣೂ ಹೋಗೇತಿ, ಬುದ್ಧೀನೂ ಹೋಗೇತಿ! ಇನ್ನ ಯಾರರ ನಿನ್ನ ಕೈಯಾಗ ಒಂದು ಗುಂಜಿ ಬಂಗಾರ ಕೊಟ್ಟರ ಅವರಂಥಾ ಹುಚ್ಚರು ಇಲ್ಲ!"

ಪೇಟೆ ಕೇಳಲಿ ಎಂದೇ ಕೂಗಿದೆ. ಪೇಟೆ ಕೇಳಿತು. ಅಪ್ಪ ಮುರಿದ ಚೂರುಗಳನ್ನು ಕಾಗದದಲ್ಲಿ ಹಾಕಿ ಮಡಚುತ್ತಿದ್ದರು, ಒಂದು ಚೂರೂ ಬೀಳದಂತೆ. "ತಪ್ಪಾತು ತಂಗಿ. ಬೆಂಕಿ ತೋರಸಬಾರದು ಅಂತ ನೀ ಹೇಳಿದ್ದಿಲ್ಲ" ಎಂದರು ಮೆಲ್ಲಗೆ. ಅದು ನಿಜ. ನೀರು ಬೇಡ ಎಂದಿದ್ದೆ, ಬೆಂಕಿಯ ಮಾತು ನಾನು ಎತ್ತಿರಲೇ ಇಲ್ಲ. ಪತ್ತಾರನ ಮಗಳಾಗಿ ಅದು ನನಗೆ ಹೊಳೆಯಬೇಕಿತ್ತು.

ಬೈದು ಹೋಗಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಸಿಟ್ಟಿನ ಹಿಂದೆಯೇ ಹೆದರಿಕೆ ಬಂತು. ಕಲ್ಲನ್ನು ಕಾಲೇಜಿನ ಹೊರಗೆ ತಂದದ್ದಷ್ಟೇ ಅಲ್ಲ, ಬೇರೆಯವರ ಕೈಗೆ ಉಜ್ಜಲು ಕೊಟ್ಟವಳೂ ನಾನು. ಅದು ಗೊತ್ತಾದರೆ ಮುಂದೆ ಒಂದು ಚೂರು ಕಲ್ಲನ್ನೂ ನನ್ನ ಕೈಗೆ ಯಾರೂ ಕೊಡುವುದಿಲ್ಲ. ಚೀಲದಿಂದ ಬಿಳಿ ಹಾಳೆ ತೆಗೆದು ಅಪ್ಪನ ಮುಂದೆ ಇಟ್ಟೆ.

"ಬರೀರಿ. 'ನನ್ನ ಮಗಳು ಮನೆಗೆ ಬಂದಾಗ, ಅವಳಿಗೆ ತಿಳಿಯದಂತೆ, ಅವಳ ಚೀಲದಿಂದ ಈ ಕಲ್ಲನ್ನು ತೆಗೆದುಕೊಂಡು, ನನ್ನ ಅಜ್ಞಾನದಿಂದ ಬೆಂಕಿಗೆ ಹಿಡಿದು ಕೆಡಿಸಿದ್ದೇನೆ.'"

ಅಪ್ಪ ಪೆನ್ನು ಹಿಡಿದವರು ಅರ್ಧಕ್ಕೆ ನಿಂತರು.

"ಅವಳ ಚೀಲದಿಂದ ತಗೊಂಡು ಅಂತ ಬರೀಬೇಕೇನು ತಂಗಿ? ಕಳವು ಮಾಡಿದಂಗ ಆಗತೈತೆಲ್ಲ."

"ಬರೀರಿ."

"ಇಷ್ಟು ವರ್ಷ ಮಂದಿ ಬಂಗಾರ ಕೈಯಾಗ ಹಿಡದೇನಿ. ಯಾರೂ ನನಗ ಈ ಮಾತು ಅಂದಿಲ್ಲ."

"ಹಂಗಾರ ನನ್ನ ನೌಕರಿ ಹೋಗಲಿ ಅಂತೀರೇನು?"

ಬರೆದರು. ಉರುಟು ಅಕ್ಷರ, ಒಡವೆಯ ಚೀಟಿ ಬರೆಯುವ ಅದೇ ಅಕ್ಷರ. ಕೆಳಗೆ ಸಹಿ ಹಾಕಿ, ಹಾಳೆಯನ್ನು ಎರಡು ಸಲ ಓದಿ ನನಗೆ ಕೊಟ್ಟರು. ನಾನು ಮೊಬೈಲಿನಲ್ಲಿ ಅದರ ಫೋಟೋ ತೆಗೆದು ಅಲ್ಲೇ, ಅವರ ಮುಂದೆಯೇ, ಅಧಿಕಾರಿಗೆ ಕಳಿಸಿದೆ.

ಮರುದಿನ ಅಧಿಕಾರಿಯ ಫೋನು ಬಂತು. "ಅಯ್ಯೋ ಮೇಡಂ, ಇದೆಲ್ಲ ಯಾಕೆ? ಮೂಲೆ ತಾನೆ ಹೋಗಿರೋದು, ಉಳಿದದ್ದು ಸಾಕು. ನಷ್ಟದ ನಮೂನೆಯಲ್ಲಿ ಎರಡು ಸಾಲು ಬರೆದು ಕಳಿಸಿ. ನಿಮ್ಮ ತಂದೆಯವರಿಗೆ ಬೇಜಾರು ಮಾಡ್ಕೋಬೇಡಿ ಅಂತ ಹೇಳಿ, ವಯಸ್ಸಾದವರು." ಹೇಳುತ್ತೇನೆ ಅಂದೆ. ಹೇಳಲಿಲ್ಲ. ಇನ್ನೆರಡು ದಿನ ಉರಿಯಲಿ ಎನ್ನಿಸಿತು. ಎರಡು ದಿನ ಹೋಗಿ ವಾರವಾಯಿತು, ಆಮೇಲೆ ಆ ಮಾತು ತೆಗೆಯುವುದೇ ಕಷ್ಟವಾಯಿತು.

ತಿಂಗಳಿಗೆ ತೆಳು ಪದರ ಬಂತು. ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಕಣ್ಣು ಹಚ್ಚಿದವಳು ಅರ್ಧ ನಿಮಿಷಕ್ಕೆ ಎದ್ದು ಪ್ರಯೋಗಾಲಯದ ಬಾಗಿಲಿಗೆ ಚಿಲಕ ಹಾಕಿದೆ. ಹಳದಿ ಹರಳು, ಆಲಿವೀನ್ ಎಂಬ ಖನಿಜ, ಇತ್ತು, ಇಲ್ಲವೆಂದಲ್ಲ. ಆದರೆ ಅದು ಬಿಡಿ ಚೂರು. ಉಳಿದ ಕಲ್ಲೆಲ್ಲ ಪೈರಾಕ್ಸೀನ್ ಮತ್ತು ಫೆಲ್ಡ್‌ಸ್ಪಾರ್, ಯಾವುದೋ ಒಂದು ಪುಟ್ಟ ಲೋಕದ ಮೇಲ್ಮೈಯ ಲಾವಾ ಕಲ್ಲು, ಒಡೆದು ಪುಡಿಯಾಗಿ ಕಬ್ಬಿಣದ ಜೊತೆ ಕಲಸಿಹೋದದ್ದು. ಅಂಚುಗಳು ಚೂಪು. ಕಬ್ಬಿಣ ಉಂಡೆ ಉಂಡೆ. ಅಪ್ಪ ಹೇಳಿದ ಒಂದೊಂದು ಮಾತೂ ಆ ಗಾಜಿನ ಮೇಲೆ ಇತ್ತು. ಮೆಸೋಸಿಡರೈಟ್. ಮಗುವಿಗೂ ಅನುಮಾನ ಬಾರದಂಥ ಮೆಸೋಸಿಡರೈಟ್.

ವರದಿಯಲ್ಲಿ ಹಾಗೆಯೇ ಬರೆದೆ, ಅಲ್ಲಿ ಸುಳ್ಳು ಬರೆಯುವಷ್ಟು ಕೆಟ್ಟಿರಲಿಲ್ಲ ನಾನು. ಪ್ರಾಚಾರ್ಯರು ಬ್ಯಾನರ್ ಬಿಚ್ಚಿಸಿದರು. ಬಿಚ್ಚುವ ದಿನ ನಮ್ಮ ವಿಭಾಗದ ಮುಖ್ಯಸ್ಥರು ಎಲ್ಲರೆದುರು ನಕ್ಕರು: "ಏನ್ರಿ ಮೇಡಂ, ಕನ್ಯಾ ನೋಡೂಕಿಂತ ಮೊದಲ ಕೂಸು ಹಡದಬಿಟ್ರೆಲ್ಲ!" ಸ್ಟಾಫ್ ರೂಮು ಗೊಳ್ಳೆಂದಿತು. ನಾನು ಹಲ್ಲು ಕಡಿದುಕೊಂಡು ಚಹಾ ಕುಡಿದೆ. ನನಗೆ ಸಿಟ್ಟು ಬರಬೇಕಾದದ್ದು ಮುಖ್ಯಸ್ಥರ ಮೇಲೆ, ಇಲ್ಲವೆ ನನ್ನ ಮೇಲೆ. ಬಂದದ್ದು ಅಪ್ಪನ ಮೇಲೆ. ಅವರು ಸರಿಯಾಗಿ ಹೇಳಿದ್ದರಲ್ಲ, ಅದೂ ಮೂವರು ಗಿರಾಕಿಗಳ ಮುಂದೆ, ಅದನ್ನು ನನಗೆ ತಡೆದುಕೊಳ್ಳಲು ಆಗಲಿಲ್ಲ. ಇದಕ್ಕಿಂತ ಚಂದದ ಕಾರಣ ಇದ್ದಿದ್ದರೆ ಬರೆಯುತ್ತಿದ್ದೆ.

ಅದೇ ವಾರ ಹುಕ್ಕೇರಿಯಲ್ಲಿ ನನ್ನ ತಂಗಿಯ ಮಗಳ ಜಾವಳ, ಮೊದಲ ಕೂದಲು ತೆಗೆಸುವ ಶಾಸ್ತ್ರ, ಇತ್ತು. ಅಪ್ಪ, ಅವ್ವ, ನಾನು ಬಸ್ಸಿನಲ್ಲಿ ಹೊರಟೆವು. ಅವ್ವ ಮುಂದಿನ ಸೀಟಿನಲ್ಲಿ ಯಾರದೋ ಪರಿಚಯ ಮಾಡಿಕೊಂಡು ಕೂತಳು. ನಾನು, ಅಪ್ಪ ಜೊತೆ. ಬೈದ ದಿನದಿಂದ ಅವರು ನನ್ನ ಹತ್ತಿರ ಬೇಕಾದಷ್ಟೇ ಮಾತಾಡುತ್ತಿದ್ದರು. ಘೋಡಗೇರಿ ಬರುವಾಗ, ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದರು.

"ಆ ಕಲ್ಲು ಏನಂತ ಆತು ತಂಗಿ?"

ನಾನು ಅವರನ್ನು ನೋಡಿದೆ. ಎಷ್ಟು ದಿನದಿಂದ ಈ ಪ್ರಶ್ನೆ ಹಿಡಿದು ಕೂತಿದ್ದರೋ. ಕೈಯನ್ನು ಮೊಣಕಾಲಿನ ಮೇಲೆ ಒತ್ತಿ ಹಿಡಿದಿದ್ದರು.

"ನಾ ಹೇಳಿದ್ದ ಆತು" ಅಂದೆ. "ಪ್ಯಾಲಸೈಟ್."

"ಹರಳು ಕುಂತದ್ದೇನು ಮತ್ತ?"

"ಕುಂತದ್ದ. ನಿಮಗ ಸರಿ ಕಂಡಿಲ್ಲ."

"ಹೌದಾ" ಎಂದರು. ಜಾವಳದಲ್ಲಿ ಕೂಸಿನ ಕಿವಿಗೆ ಹಾಕಲೆಂದು ತಾವೇ ಮಾಡಿ ತಂದಿದ್ದ ಚಿನ್ನದ ಬುಗುಡಿಯನ್ನು ಕಿಸೆಯಿಂದ ತೆಗೆದು, ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ತಿರುಗಿಸಿ ತಿರುಗಿಸಿ ನೋಡುತ್ತ ಕೂತಿದ್ದನ್ನು ಕಂಡೆ. ತಮ್ಮ ಕೈಯ ಕೆಲಸವನ್ನೇ ಅವರು ಅನುಮಾನದಿಂದ ನೋಡುತ್ತಿದ್ದರು. ನಾನು ಎದ್ದು ಊಟದ ಪಂಕ್ತಿಗೆ ಹೋದೆ.

ಊರಿಗೆ ಮರಳಿದ ಮರುದಿನವೇ ಅಪ್ಪ ಅಂಗಡಿಯ ಕದ ಹಾಕಿದರು. ಯಾರಿಗೂ ಕಾರಣ ಹೇಳಲಿಲ್ಲ. ವಯಸ್ಸಾಯಿತು ಎಂದು ಜನ ತಿಳಿದರು. ಬಡಿಯುವ ಅಡಿಗಲ್ಲು, ಅರ, ಚಿಮಟಿಗೆ, ತಕ್ಕಡಿ, ಊದುಗೊಳವೆ ಎಲ್ಲವನ್ನೂ ಹುಕ್ಕೇರಿಯ ಒಬ್ಬ ಪತ್ತಾರರು ಬಂದು ಒಯ್ದರು. ಒರೆಗಲ್ಲನ್ನು ಏನು ಮಾಡಿದಿರಿ ಎಂದು ಅವ್ವ ಕೇಳಿದ್ದಕ್ಕೆ, "ಅದಕ್ಕೇನು ಕಣ್ಣು ಬ್ಯಾಡೇನು?" ಅಂದರಂತೆ. ಅದನ್ನೂ ಕೊಟ್ಟಿದ್ದರು. ಅವ್ವ ಇದನ್ನು ಫೋನಿನಲ್ಲಿ ಹೇಳಿ ಅತ್ತಳು. ನಾನು ಏನು ಮಾಡಿದೆ? "ಬಿಡ್ಲಿ ಬಿಡವ್ವಾ, ಎಷ್ಟಂತ ದುಡೀತಾರ" ಅಂದೆ. ಖರೆ ಹೇಳಬೇಕೆಂದರೆ, ಕದ ಹಾಕಿದ್ದಕ್ಕೆ ನನಗೆ ಒಂದು ಬಗೆಯ ನಿರಾಳವೂ ಆಯಿತು. ಆ ಅಂಗಡಿಯ ಮುಂದೆ ಹಾಯುವಾಗಲೆಲ್ಲ ನಾನು ಕೂಗಿದ್ದು ನೆನಪಾಗುತ್ತಿತ್ತು.

ಎರಡು ಮಳೆಗಾಲ ಹೋದವು. ಅಪ್ಪ ದಿನಾ ಬೆಳಿಗ್ಗೆ ಎಂದಿನ ಹೊತ್ತಿಗೆ ಮನೆಯಿಂದ ಹೊರಟು, ಹಾಕಿದ ಕದದ ಮುಂದಿನ ಕಟ್ಟೆಯ ಮೇಲೆ ಕೂತು, ಮಧ್ಯಾಹ್ನ ಉಣ್ಣಲು ಮನೆಗೆ ಬರುತ್ತಿದ್ದರು. ಮೊನ್ನೆ ದಸರೆ ರಜೆಯಲ್ಲಿ ನಾನು ಮೂಡಲಗಿಗೆ ಹೋದವಳು ಅವರಿಗೆ ಗುಳಿಗೆ ಕೊಡಲೆಂದು ಪೇಟೆಗೆ ಹೋದೆ. ಕಟ್ಟೆಯ ಕೆಳಗೆ ಒಬ್ಬ ಮುದುಕಿ ನಿಂತಿದ್ದಳು. ಯಮಕನಮರಡಿಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು. ಕೈಯಲ್ಲಿ ಅರಿವೆಯ ಗಂಟು.

"ಒಂದ ಸಲ ನೋಡ್ರಿ ಯಪ್ಪಾ. ಮಷೀನು ಏನರ ಹೇಳ್ಲಿ, ನೀವು ಬಂಗಾರ ಅಂದ್ರ ಬಂಗಾರ."

"ನಾ ನೋಡೂದು ಬಿಟ್ಟೇನಿ ತಾಯಿ. ಕಣ್ಣು ತಪ್ಪಾಕತ್ತೈತಿ."

"ಯಾರಂದ್ರು? ನೀವು ತಪ್ಪಿದ್ದು ಯಾರೂ ಕಂಡಿಲ್ಲ."

ಅಪ್ಪ ನನ್ನನ್ನು ತೋರಿಸಿದರು. ಸಿಟ್ಟಿಲ್ಲ, ಕೊಂಕಿಲ್ಲ. ಖರೆ ಹೇಳಬೇಕೆಂದರೆ ಸ್ವಲ್ಪ ಹೆಮ್ಮೆಯೇ ಇತ್ತು ಆ ದನಿಯಲ್ಲಿ.

"ಈಕಿ ನನ್ನ ಮಗಳು. ಆಕಾಶದಾಗಿನ ಕಲ್ಲು ಓದಿದಾಕಿ. ಒಂದು ಕಲ್ಲಿನಾಗ ನಾ ತಪ್ಪಿದೆ, ಈಕಿ ಹಿಡದಳು. ಹಂಗ ಇನ್ನ ಎಷ್ಟು ತಪ್ಪೇನೋ ಏನೋ. ಎಷ್ಟು ಮಂದಿ ಬಂಗಾರ ಹಿತ್ತಾಳಿ ಅಂದು ಕಳಿಸೇನೋ. ಅದ ನೆನಸಿಕೊಂಡು ಕೂಡತೇನಿ ದಿನಾ ಇಲ್ಲಿ."

ಅಯ್ಯ ಶಿವನೇ! ಅಂಗಡಿ ಮುಚ್ಚಿಸಿದೆ ಎಂದಷ್ಟೇ ನಾನು ತಿಳಿದಿದ್ದೆ. ಅವರು ಅಷ್ಟೂ ದಿನ ಆ ಕಟ್ಟೆಯ ಮೇಲೆ ಕೂತು ಇಡೀ ಬದುಕಿನ ತೀರ್ಪುಗಳನ್ನು ಒಂದೊಂದಾಗಿ ಹಿಂದೆ ತಿರುಗಿಸಿ ನೋಡುತ್ತಿದ್ದರು. ಘೋಡಗೇರಿಯ ಆ ಹೆಣ್ಣುಮಗಳು, ಅವಳ ಬಿಲ್ವಾರ, ಸೀರೆಯ ಮೇಲೆ ಚೆಲ್ಲಿದ ಚಹಾ, ಅವಳಂಥ ನೂರು ಮಂದಿ. ಮುದುಕಿ ಗಂಟು ಕಟ್ಟಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೋದಳು. ನಾನು ಕಟ್ಟೆಯ ಮೇಲೆ ಅವರ ಪಕ್ಕದಲ್ಲಿ ಕೂತೆ.

"ಅಪ್ಪಾ, ಆ ಕಲ್ಲು ನೀವು ಹೇಳಿದಂಗ ಇತ್ತು. ಕುಂತದ್ದಲ್ಲ, ಕಲಿಸಿದ್ದು. ನಿಮ್ಮ ಕಣ್ಣು ತಪ್ಪಿದ್ದಿಲ್ಲ. ನಾ ಸುಳ್ಳ ಹೇಳಿದೆ."

ಅಪ್ಪ ನನ್ನ ಕೈಯಿಂದ ಗುಳಿಗೆ ತೆಗೆದುಕೊಂಡು ಕಿಸೆಗೆ ಹಾಕಿದರು.

"ಯಾವಾಗ ಗೊತ್ತಾತು ನಿನಗ?"

"ಹುಕ್ಕೇರಿಗೆ ಹೋಗೂಕಿಂತ ಮೊದಲ."

"ಬಸ್ಸಿನಾಗ ನಾ ಕೇಳಿದಾಗ ಗೊತ್ತಿತ್ತು?"

"ಗೊತ್ತಿತ್ತು."

"ನಾ ಕದ ಹಾಕಿದಾಗ?"

"ಗೊತ್ತಿತ್ತು."

ಬೈಯುತ್ತಾರೆ ಅಂದುಕೊಂಡೆ. ಅಳುತ್ತಾರೇನೋ ಎಂದು ಹೆದರಿದೆ. ಎರಡೂ ಇಲ್ಲ. ನನ್ನ ಕಡೆ ತಿರುಗಿ, ಕಣ್ಣು ಕಿರಿದು ಮಾಡಿ, ನನ್ನ ಮುಖವನ್ನು ಒಂದು ಸಲ ನೋಡಿದರು, ಒರೆಗಲ್ಲಿನ ಗೆರೆಯನ್ನು ನೋಡುತ್ತಿದ್ದಷ್ಟೇ ಹೊತ್ತು. ಆಮೇಲೆ ಎದುರಿನ ಹೋಟೆಲಿನ ಕಡೆ ಒಂದು ಬೆರಳು ಎತ್ತಿದರು.

ಹೋಟೆಲಿನವನಿಗೆ ಮೊದಲು ತಿಳಿಯಲಿಲ್ಲ. ಎರಡು ವರ್ಷದಿಂದ ಆ ಬೆರಳು ಎದ್ದಿರಲಿಲ್ಲ. "ಅಂಗಡಿ ಬಂದ್ ಐತೆಲ್ರಿ, ಯಾರಿಗ್ರಿ ಚಾ?" ಎಂದು ಅಲ್ಲಿಂದಲೇ ಕೂಗಿದ. ಅಪ್ಪ ನನ್ನ ಕಡೆ ಕೈ ತೋರಿಸಿದರು. ಕಿರಾಣಿ ಅಂಗಡಿಯವನು ತೂಗುವುದನ್ನು ನಿಲ್ಲಿಸಿದ, ಬಟ್ಟೆ ಅಂಗಡಿಯವನು ಹೊರಗೆ ಬಂದು ನಿಂತ. ಹೋಟೆಲಿನವನು ಕಪ್-ಬಸಿ ಹಿಡಿದುಕೊಂಡು ರಸ್ತೆ ದಾಟಿ ಬಂದ. ನಾನು ಏಳಲು ಹೋದೆ.

"ಕೂಡು" ಎಂದರು ಅಪ್ಪ. "ಪೂರ್ತಿ ಕುಡದ ಹೋಗಬೇಕು."

ಬಸಿಗೆ ಸುರಿದುಕೊಂಡೆ. ಕೈ ನಡುಗಿ ಸೀರೆಯ ಮೇಲೆ ಚೆಲ್ಲಿತು. ಉಳಿದದ್ದನ್ನು ಕುಡಿದೆ.